ಹತ್ತು ನಿಮಿಷದ ಕುಂಟು

ನನ್ನ ಸೋದರಮಾವ ದಿನಕ್ಕೆ ಹತ್ತೇ ನಿಮಿಷ ಕುಂಟುತ್ತಾರೆ. ಉಳಿದ ಹೊತ್ತು ಅವರದು ಮಂತ್ರಿಯ ನಡಿಗೆ. ಇಷ್ಟು ಶಿಸ್ತಾಗಿ ಕುಂಟುವವರು ಭಾಂಡುಪಿನಲ್ಲಿ ಇನ್ನೊಬ್ಬರಿದ್ದರೆ ತೋರಿಸಿ, ನಾನು ಅವರಿಗೂ ಅಳಿಯನಾಗುತ್ತೇನೆ!

ಬೆಳಗ್ಗೆ ಎದ್ದು ಕಾಲು ನೆಲಕ್ಕಿಟ್ಟ ಕ್ಷಣ ಬಲಗಾಲಿನ ಹಿಮ್ಮಡಿಗೆ ಮೊಳೆ ಹೊಡೆದಂತೆ ನೋವು. ಕೋಣೆಯ ಮೂಲೆಯ ಮೋರಿಗೆ, ಅಂದರೆ ನಮ್ಮ ಬಚ್ಚಲಿಗೆ, ಹೋಗಿ ಹಲ್ಲುಜ್ಜಿ ಬರುವಷ್ಟರಲ್ಲಿ ಮಾಯ. ಮಾವ ವಿಕ್ರೋಳಿಯ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುವವರು. ಅಗ್ನಿಯ ಎದುರು ಚಪ್ಪಲಿ ಕೂಡದೆಂದು ಬರಿಗಾಲು. ಬೇರೆಯವರಾದರೆ ನಿಂತು ನಿಂತೇ ಹೀಗಾಯಿತು ಎಂದುಕೊಳ್ಳುತ್ತಿದ್ದರು. ಮಾವನ ಸಂಶೋಧನೆಯೇ ಬೇರೆ.

“ನಿಂತಾಗ ನೋವಿಲ್ಲ. ಮಲಗಿ ಎದ್ರೆ ನೋವು, ಕೂತು ಎದ್ರೆ ನೋವು. ಹಾಗಾದ್ರೆ ರೋಗ ಎಂತದು? ವಿಶ್ರಾಂತಿ.”

ಅಂದಿನಿಂದ ಕೂರುವುದನ್ನೇ ಬಿಟ್ಟರು. ನಸುಕಿನ ಖಾಲಿ ಲೋಕಲ್ ಟ್ರೇನ್‌ನಲ್ಲಿ ಕಂಬ ಹಿಡಿದು ನಿಂತ ಇವರನ್ನು ಕಂಡು ಯಾರೋ ಪುಣ್ಯಾತ್ಮ ಸೀಟು ತೋರಿಸಿ, “ಕಾಕಾ, ಬೈಠೋ ನಾ” ಎಂದನಂತೆ. “ಡಾಕ್ಟರ್ ನೇ ಮನಾ ಕಿಯಾ ಹೈ” ಎಂದರಂತೆ ಮಾವ. ಕೂರಬಾರದೆಂದ ಆ ಡಾಕ್ಟರು ಯಾರು? ಇವರೇ! ಮನೆಯಲ್ಲಿ ಊಟವೂ ನಿಂತೇ. ಅತ್ತೆ ಸಾರು ಬಡಿಸುತ್ತಾ ಹೇಳಿದರು: “ಇನ್ನು ಮಲಗುದೂ ಬೇಡ ಮಾರಾಯ್ರೇ. ನಿಮ್ಮನ್ನು ಮೂಲೆಗೆ ಒರಗಿಸಿ ಇಡ್ತೇನೆ, ಕೊಡೆಯ ಹಾಗೆ.”

ಬಿಸಿ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಹಿಮ್ಮಡಿ ಒತ್ತಬೇಕೆಂದು ಊರಿನಿಂದ ಯಾರೋ ಫೋನಿನಲ್ಲಿ ಹೇಳಿದರು. ಭಾಂಡುಪಿನಲ್ಲಿ ಎಕ್ಕಕ್ಕೆ ಎಲ್ಲಿಗೆ ಹೋಗುವುದು? ಶನಿವಾರ ಮಾರುತಿ ಗುಡಿಯ ಎದುರು ಎಕ್ಕದೆಲೆಯ ಹಾರ ಮಾರುತ್ತಾರಲ್ಲ! ಮಾವ ಎಲ್ಲಕ್ಕಿಂತ ದೊಡ್ಡ ಹಾರ ಕೊಂಡು, ನೇರ ಮನೆಯ ದಾರಿ ಹಿಡಿದರು. ದೇವರು ಇತ್ತ ಕಡೆ ಎಂದು ಹಾರದಾಕೆ ಮರಾಠಿಯಲ್ಲಿ ಕೂಗಿ ಹೇಳಬೇಕಾಯಿತು. ಆ ವಾರವಿಡೀ ಮಾರುತಿಯ ಹಾರ ಮಾವನ ಪಾದಕ್ಕೆ. ನೋವು ಮಾತ್ರ ಭಕ್ತಿಯಿಂದ ಅಲ್ಲೇ ಕೂತಿತು.

ನಾನು ಪವಾಯಿಯ ಆಫೀಸೊಂದರಲ್ಲಿ ದುಡಿಯುತ್ತ ಮಾವನ ಮನೆಯಲ್ಲೇ ಇರುವವನು. ಎಲ್ಲರನ್ನೂ ಅಣಕಿಸುವುದು ನನ್ನ ಹುಟ್ಟುಗುಣ. ಸ್ಟೇಷನ್ನಿನ ಅನೌನ್ಸ್‌ಮೆಂಟು, ಬಾಸಿನ ಕೆಮ್ಮು, ಎಲ್ಲವೂ ಆಗುತ್ತದೆ. ನನ್ನ ಇಂಗ್ಲಿಷನ್ನು ಅಣಕಿಸಬೇಕಾಗಿಲ್ಲ, ಅದು ಮೂಲದಲ್ಲೇ ಅಣಕ. ನಮ್ಮ ಚಾಳಿನ ಸಾಲುಮನೆಗಳಲ್ಲಿ ಬಹಳ ಬೇಡಿಕೆಯ ಐಟಮ್ಮೆಂದರೆ, ಹಾಸಿಗೆಯಿಂದಲೇ ಅರೆಗಣ್ಣಿನಲ್ಲಿ ನೋಡಿ ಕಲಿತ ಮಾವನ ಬೆಳಗಿನ ನಡಿಗೆ.

ಒಂದು ದಿನ ಮಾವ ಮೈಮರೆತು ಕೂತು ಚಹಾ ಕುಡಿದುಬಿಟ್ಟರು. ಎದ್ದಾಗಿನ ಕುಂಟು ಹೋಟೆಲ್ ಧಣಿಗಳ ಕಣ್ಣಿಗೆ ಬಿತ್ತು. “ಡಾಕ್ಟರಿಗೆ ತೋರಿಸಿ. ಗುಣ ಆಗದಿದ್ರೆ ಮುಂದಿನ ತಿಂಗಳಿಂದ ಗಲ್ಲದಲ್ಲಿ ಕೂತ್ಕೊಳ್ಳಿ” ಎಂದರು. ಗಲ್ಲವೆಂದರೆ ಗಿರಾಕಿಗಳಿಂದ ಹಣ ತೆಗೆದುಕೊಳ್ಳುವ ಜಾಗ. ಅದೇ ಸಂಬಳ, ತಲೆಯ ಮೇಲೆ ಫ್ಯಾನು. ಬೇರೆಯವರಾದರೆ ಪೇಡೆ ಹಂಚುತ್ತಿದ್ದರು. ಮಾವ ಅಂದು ಉಣ್ಣಲಿಲ್ಲ.

“ಗಲ್ಲದಲ್ಲಿ ಕೂತವನ ಹತ್ರ ಜನ ಚಿಲ್ಲರೆ ಕೇಳ್ತಾರೆ ಮಾರಾಯ. ಇನ್ನೊಂದು ದೋಸೆ ಕೇಳುದಿಲ್ಲ.”

ಡಾಕ್ಟರು ಸಿಕ್ಕುವುದು ಸಂಜೆ. ಸಂಜೆಗೆ ಮಾವ ಮಂತ್ರಿಯಲ್ಲವೇ? ಡಾಕ್ಟರಮ್ಮ ನಡೆಯಲು ಹೇಳಿದರೆ ಮದುಮಗನ ಹಾಗೆ ನಡೆದರು. ಹಿಮ್ಮಡಿ ಒತ್ತಿದರೆ ಕಣ್ಣಲ್ಲಿ ನೀರು, ಬಾಯಲ್ಲಿ “ಕುಛ್ ನಹೀಂ”, ಏನೂ ಇಲ್ಲ. ಎಲ್ಲಿ ಕಾವಲಿ ಬಿಡಿ ಅನ್ನುತ್ತಾರೋ ಎಂಬ ಹೆದರಿಕೆ.

ಅತ್ತೆ ನನ್ನನ್ನು ಜೊತೆಗೆ ಕಳಿಸಿದ್ದೇ ಇದಕ್ಕೆ. “ಬೆಳಗಿನದನ್ನು ನಾನು ಮಾಡಿ ತೋರಿಸುತ್ತೇನೆ” ಎಂದು ಪರೀಕ್ಷೆಯ ಮಂಚ ಹತ್ತಿದೆ. ಮಾವ ದುರುಗುಟ್ಟಿದರು. ಕಾಲು ಕೆಳಗಿಟ್ಟೆ, ಹಲ್ಲು ಕಚ್ಚಿದೆ, ಗೋಡೆ ಹಿಡಿದು ಒಂದು ಹೆಜ್ಜೆ, ಎರಡು. ಆಮೇಲೆ ಗೋಡೆ ಬಿಟ್ಟು, ನೋಯುವ ಹಿಮ್ಮಡಿಯ ಮೇಲೇ ಪೂರ್ತಿ ಭಾರ ಹಾಕಿ, ಇನ್ನೊಂದು ಕಾಲನ್ನು ಮೊಣಕಾಲೆತ್ತರಕ್ಕೆ ಎತ್ತಿದೆ. ಚಾಳಿನವರು ಹೊಟ್ಟೆ ಹಿಡಿದು ನಗುವುದು ಇಲ್ಲೇ.

ಡಾಕ್ಟರಮ್ಮ ನಗಲಿಲ್ಲ. “ವಹಾಂ ಕ್ಯಾ ಹೈ?” ಎಂದರು.

ಅಲ್ಲಿ ಏನಿದೆ? ಎತ್ತಿದ ಕಾಲು ಹಾಗೇ ನಿಂತಿತು. ನಮ್ಮದು ಒಂದೇ ಕೋಣೆ. ಮಾವನ ಮಂಚಕ್ಕೂ ಮೋರಿಗೂ ನಡುವೆ, ಅಲ್ಲಿ, ನೆಲದಲ್ಲಿ ಅಡ್ಡಕ್ಕೆ ನನ್ನ ಹಾಸಿಗೆಯಿದೆ.

“ನಾನು” ಎಂದೆ.

ದೀಪ ಹಾಕಬಾರದೇ, ಇವನನ್ನು ಎಬ್ಬಿಸಬಾರದೇ ಎಂದು ಡಾಕ್ಟರಮ್ಮ ಮಾವನನ್ನು ಗದರಿದರು. ಮಾವ ತಪ್ಪು ಮಾಡಿದವರಂತೆ ನೆಲ ನೋಡಿದರು. “ಲೇಟ್ ಆತಾ ಹೈ ಆಫೀಸ್ ಸೇ. ಸೋನೇ ದೋ.” ಆಫೀಸಿನಿಂದ ತಡವಾಗಿ ಬರುವವನು, ಮಲಗಿರಲಿ ಎಂದು.

ಕಾವಲಿ ಬಿಡಬೇಕಾಗಿಲ್ಲವಂತೆ. ಏಳುವ ಮೊದಲು ಮಂಚದಲ್ಲೇ ಪಾದಕ್ಕೆ ಟವೆಲ್ ಹಾಕಿ ಬೆರಳುಗಳನ್ನು ತಮ್ಮತ್ತ ಎಳೆದುಕೊಳ್ಳಬೇಕು. ಸಂಜೆ ಮಂಜುಗಟ್ಟಿದ ನೀರಿನ ಬಾಟಲಿಯನ್ನು ಪಾದದಡಿ ಉರುಳಿಸಬೇಕು. ನಡುನಡುವೆ ಕೂರಲು ಸ್ಟೂಲು, ನಿಲ್ಲಲು ಮೆತ್ತನೆಯ ಚಪ್ಪಲಿ. ವಾಸಿಯಾಗಲು ತಿಂಗಳುಗಳೇ ಬೇಕು. ಅಗ್ನಿಯ ಮುಂದೆ ಚಪ್ಪಲಿಯೇ? ಮಾವ ರಿಕ್ಷಾದಲ್ಲಿ ದಾರಿಯಿಡೀ ಯೋಚಿಸಿದರು.

“ಹೊಸತು ತಗೊಂಡು, ಹೊರಗೆ ಹಾಕದೇ ಇದ್ರೆ ಅದು ಚಪ್ಪಲಿ ಅಲ್ಲ” ಎಂದರು ಕೊನೆಗೆ. “ಮಣೆ.”

ಮರುದಿನ ನಸುಕಿನಲ್ಲಿ ಟವೆಲ್ ಎಳೆಯುವ ಸದ್ದಾಯಿತು. ನಾನು ಎದ್ದು, ಹಾಸಿಗೆ ಸುತ್ತಿ ಬದಿಗಿಟ್ಟು, ಮಂಚದ ಪಕ್ಕ ನಿಂತೆ.

“ನೀನು ಮಲಗು ಮಾರಾಯ” ಎಂದರು ಮಾವ, ಮೆಲ್ಲಗೆ.

ನಾನು ಹೆಗಲು ಕೊಟ್ಟೆ. ಮಾವ ಅದನ್ನು ಹಿಡಿದು ಎದ್ದರು. ಅವರು ಅಷ್ಟು ಭಾರವಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.