ಷಡ್ಡಕನ ಜೊತೆ ಆಡಿದ ನಾಲ್ಕು ಆಟಗಳು

ಕಳೆದ ಶ್ರಾವಣದಲ್ಲಿ ರಾಮನಗರದ ನಮ್ಮ ಬೀದಿಯ ಒಂದೇ ಕಟ್ಟಡದ ಕೆಳಮನೆ ಮತ್ತು ಮೇಲ್ಮನೆಗಳ ನಡುವೆ ಮಾತುಕತೆ ಸ್ಥಗಿತಗೊಂಡಿತು. ಮೇಲ್ಮನೆಯ ಮಗುವಿನ ನಾಮಕರಣಕ್ಕೆ ಕೆಳಮನೆಯ ಯಜಮಾನರನ್ನು ಮೊಬೈಲ್ ಮೆಸೇಜಿನಲ್ಲಿ ಕರೆದದ್ದೇ ಘಟನೆಗೆ ಕಾರಣವೆಂದು ತಿಳಿದುಬಂದಿದೆ. ಪ್ರಾಣಹಾನಿಯಾಗಿಲ್ಲ. ಒಂದು ಎಲೆ ಊಟ ವ್ಯರ್ಥವಾಗಿದೆ.

ಇಂಥವು ನಮ್ಮ ಕಡೆ ಆಗುತ್ತಲೇ ಇರುತ್ತವೆ. ಈ ಸಲ ಕೆಳಮನೆಯ ಯಜಮಾನ ನಾನಾಗಿದ್ದೆ, ಅಷ್ಟೇ ವ್ಯತ್ಯಾಸ. ಮೇಲ್ಮನೆಯವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ. ಹಾರೋಹಳ್ಳಿಯ ಕಾರ್ಖಾನೆಯೊಂದಕ್ಕೆ ಕೆಲಸಗಾರರನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಾನೆ. ದಿನಾ ಅಷ್ಟು ದೂರ ಹೋಗಿ ಬರುವವನಿಗೆ ಒಂದು ಮಹಡಿ ಇಳಿದು ಬಂದು 'ಬನ್ನಿ' ಅನ್ನಲು ಆಗಲಿಲ್ಲ. ಅವನ ವಾದವೇ ಬೇರೆ: "ಒಂದೇ ಗೇಟು, ಒಂದೇ ಸಂಪು. ಮನೆಯೋರ್ನ ಯಾರಾದ್ರೂ ಕರೀತಾರಾ?"

ನಾಮಕರಣದ ದಿನ ನಾನು ಕೆಳಗೆ ಕೂತು ಉಪ್ಪಿಟ್ಟು ತಿಂದೆ. ಹೆಂಡತಿ ಮೇಲಿನಿಂದ ಹೋಳಿಗೆ ತಂದುಕೊಟ್ಟಳು. ಅದನ್ನೂ ತಿಂದೆ. ತಿಂದ ಮಾತ್ರಕ್ಕೆ ಹೋದಂತಲ್ಲ ಎಂದು ಮೊದಲೇ ಸ್ಪಷ್ಟಪಡಿಸಿದ್ದೆ.

ಹೀಗಿರುವಾಗ ನಮ್ಮ ಬಾಮೈದನ ಮದುವೆ ನಿಶ್ಚಯವಾಯಿತು. ಅವನು ಬಿಡದಿಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿಕೊಂಡು ಅಲ್ಲೇ ಮನೆ ಮಾಡಿದ್ದಾನೆ. ತಂದೆ ಇಲ್ಲ. ಗಂಡಿನ ಕಡೆ ಹಿರಿಯರು ಅಂತ ಮುಂದೆ ನಿಲ್ಲಬೇಕಾದವರು ಇಬ್ಬರು ಭಾವಂದಿರು. ಕೈಲಾಂಚದ ಕಡೆಯ ಹಳ್ಳಿಯಲ್ಲಿ ರೇಷ್ಮೆಹುಳು ಸಾಕುವ ನಮ್ಮ ಅತ್ತೆ ಖಡಾಖಂಡಿತವಾಗಿ ಹೇಳಿಬಿಟ್ಟರು: "ಇಬ್ರು ಅಳಿಯಂದ್ರೂ ಒಂದೇ ಗಾಡೀಲಿ ಕುಂತ್ಕಂಡು, ಮನೆ ಮನೆಗೆ ಹೋಗಿ, ಬಾಯ್ತುಂಬ ಕರೆದು ಲಗ್ನಪತ್ರಿಕೆ ಕೊಡ್ಬೇಕು. ಒಬ್ರು ಬಂದು ಇನ್ನೊಬ್ರು ಬರ್ದಿದ್ರೆ ನೆಂಟ್ರು ಏನಂದಾರು? ಅದಾಗೋಗಂಟ ನಾನು ಚಪ್ಪರ ಹಾಕ್ಸಕ್ಕಿಲ್ಲ."

ಪತ್ರಿಕೆಗಳು ಅಚ್ಚಾಗಿ ಬಂದು, ಮೂಲೆಗೆ ಅರಿಶಿನ ಹಚ್ಚಿಸಿಕೊಂಡು, ನಮ್ಮ ಟೀವಿ ಪಕ್ಕದಲ್ಲಿ ಕೂತವು. ಅವುಗಳ ಜೊತೆಗೇ ಬಾಮೈದ ಇನ್ನೊಂದು ಸಾಮಾನನ್ನೂ ತಂದಿಟ್ಟ. ಅದು ವಿಡಿಯೋ ಗೇಮ್ ಪೆಟ್ಟಿಗೆ. ಹೆಣ್ಣಿನ ಕಡೆಯವರು ಅವನ ಮನೆ ನೋಡಲು ಬರುವವರಿದ್ದರು. ಇಷ್ಟು ವಯಸ್ಸಾದರೂ ಆಟ ಆಡಿಕೊಂಡಿದ್ದಾನೆಂದು ಅವರಿಗೆ ತಿಳಿಯಬಾರದು.

"ಮದ್ವೆ ಮುಗಿಯೋಗಂಟ ಇಲ್ಲಿರ್ಲಿ ಭಾವ," ಎಂದ. ಆಮೇಲೆ, ಬೇಕೆಂದೇ ಇರಬೇಕು, "ಇದ್ರಲ್ಲಿರೋವೆಲ್ಲ ಇಬ್ರು ಆಡೋ ಆಟಗಳು," ಎಂದು ಸೇರಿಸಿದ.

ಆಡಿದ ಆಟಗಳ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ.

೧. ಕಾರು ರೇಸ್

ರಸ್ತೆಗಳು ಚೆನ್ನಾಗಿವೆ. ಹಂಪ್ ಇಲ್ಲ, ಎಮ್ಮೆ ಇಲ್ಲ, ಗಾಡಿ ಹತ್ತಿ ಕಾಳು ಉದುರಲೆಂದು ರಸ್ತೆಗೆ ಹರಡಿದ ಹುರುಳಿ ಇಲ್ಲ. ಹಾಗಾಗಿ ನಿಜ ಅನ್ನಿಸುವುದಿಲ್ಲ.

ನಾನೊಬ್ಬನೇ ಕಾರನ್ನು ಗೋಡೆಗೆ ಗುದ್ದಿಸುತ್ತ ಕೂತಿದ್ದಾಗ ಸದ್ದು ಕೇಳಿ ಷಡ್ಡಕ ಇಳಿದು ಬಂದ. ಯಾರೂ ಕರೆದಿರಲಿಲ್ಲ. ಕೆಳಗೆ ಆಟವಿದ್ದರೆ ಮೆಟ್ಟಿಲು ಇಳಿಯುವುದು ಅವನಿಗೆ ಕಷ್ಟವಲ್ಲ ಎಂಬುದನ್ನು ಗಮನಿಸಿದೆ. ಅವನು ಇನ್ನೊಂದು ರಿಮೋಟ್ ಎತ್ತಿಕೊಂಡ. ನಮ್ಮಿಬ್ಬರ ನಡುವೆ ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಮಾತು ಬಿಟ್ಟವರಿಗೆ ನಡುವೆ ಒಬ್ಬರು ಬೇಕು. ಮಾತು ಅವರ ಮೂಲಕ ಹೋಗಿ ಬರುತ್ತದೆ.

"ಅಕ್ಕ, ಕೆಂಪು ಕಾರಿನೋರ್ಗೆ ಹೇಳಿ, ಉಲ್ಟಾ ಹೋಯ್ತಾವ್ರೆ."

ಅವಳು ತಲೆ ಎತ್ತದೆ, "ರೀ, ಉಲ್ಟಾ ಹೋಗ್ತಿದ್ದೀರಂತೆ," ಎಂದಳು.

"ನಂಗೊತ್ತು ಅಂತ ಹೇಳು."

ಗೊತ್ತಿರಲಿಲ್ಲ. ಆದರೆ ಈಗ ತಿರುಗಿಸಿದರೆ ಅವನ ಮಾತು ಕೇಳಿದಂತಾಗುತ್ತಿತ್ತು. ರೇಸ್ ಮುಗಿಯುವವರೆಗೂ ಉಲ್ಟಾ ಹೋದೆ. ಎದುರಿಗೆ ಬಂದವರು ಮರ್ಯಾದಸ್ಥರು, ದಾರಿ ಬಿಟ್ಟರು.

ಷಡ್ಡಕನೂ ಗೆಲ್ಲಲಿಲ್ಲ. ಮುಂದಿನ ಕಾರು ಜಾಗ ಕೊಡಲೆಂದು ರಿಮೋಟಿನ ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿದ. ಯಾವುದರಲ್ಲೂ ಹಾರ್ನ್ ಇರಲಿಲ್ಲ. ಕೊನೆಗೆ ರಸ್ತೆಯ ಮಧ್ಯೆ ಕಾರು ನಿಲ್ಲಿಸಿ ರಿಮೋಟ್ ಕೆಳಗಿಟ್ಟ.

"ಹಾರ್ನೇ ಇಲ್ದಿರೋ ಗಾಡೀನ ನಾನು ಓಡ್ಸಕ್ಕಿಲ್ಲ ಅಕ್ಕ. ನಾಳೆ ಏನಾರಾ ಆದ್ರೆ ಎಲ್ರೂ ಡ್ರೈವರ್ನೇ ಹಿಡ್ಕಂಡ್ ಹೊಡೀತಾರೆ."

೨. ಯುದ್ಧದ ಆಟ

ಇದರಲ್ಲಿ ಇಬ್ಬರು ಸಿಪಾಯಿಗಳು. ಒಬ್ಬನಿಗೆ ಗುಂಡು ಬಿದ್ದರೆ ಅವನು ಸಾಯುವುದಿಲ್ಲ, ನೆಲದ ಮೇಲೆ ತೆವಳುತ್ತಾನೆ. ಜೊತೆಗಾರನನ್ನು ಕೂಗಬೇಕು. ಅವನು ಬಂದು ಕೈಹಿಡಿದು ಎತ್ತಿದರೆ ಮತ್ತೆ ಯುದ್ಧ ಮಾಡಬಹುದು. ಷಡ್ಡಕರಿಗೆ ಅನುಕೂಲವಾದ ಏರ್ಪಾಡಲ್ಲ.

ಹೆಂಡತಿ ಕಾಫಿಗೆ ಹಾಲಿಡಲು ಒಳಗೆ ಹೋಗಿದ್ದಾಗ ನನಗೆ ಗುಂಡು ಬಿತ್ತು. ತೆವಳುತ್ತ ಷಡ್ಡಕನ ಕಾಲ ಬುಡಕ್ಕೇ ಹೋದೆ. ಕರೆಯಲಿಲ್ಲ. ಅವನು ಬಂದೂಕು ಹಿಡಿದು ನಿಂತಿದ್ದ. ಎತ್ತಲಿಲ್ಲ.

ಅವನು ಫ್ಯಾನ್ ನೋಡುತ್ತ, "ಒಂದ್ ಮಾತು ಕರೆದ್ರೆ ಬಂದು ಎತ್ಬೋದಪ್ಪ," ಎಂದ.

ನಾನು ಕ್ಯಾಲೆಂಡರ್ ನೋಡುತ್ತ, "ಮನೆಯೋರ್ನ ಯಾರಾದ್ರೂ ಕರೀತಾರಾ?" ಎಂದೆ.

ಫ್ಯಾನ್ ತಿರುಗುತ್ತಿತ್ತು. ನನ್ನ ರಕ್ತ ಸೋರುತ್ತಿತ್ತು. ಇದಕ್ಕೆ ಏನು ಉತ್ತರ ಕೊಡುವುದೆಂದು ಬಯಲಿನಲ್ಲಿ ನಿಂತು ಯೋಚಿಸುತ್ತಿದ್ದ ಅವನಿಗೂ ಗುಂಡು ಬಿತ್ತು.

ಹೆಂಡತಿ ಕಾಫಿ ತಂದಾಗ ಟೀವಿಯೆಲ್ಲ ಕೆಂಪಾಗಿತ್ತು.

"ಏನಾಯ್ತು?"

"ಇಬ್ರೂ ಸತ್ತೋದ್ವಿ ಅಕ್ಕ," ಎಂದ ಷಡ್ಡಕ.

"ಸರಿ, ಆರೋಗೋಕೆ ಮುಂಚೆ ಕುಡೀರಿ," ಎಂದಳು. "ಲೋಟ ಮಾತ್ರ ಪತ್ರಿಕೆ ಮೇಲಿಡ್ಬೇಡಿ. ಅವನ್ನ ಯಾವತ್ತಾದ್ರೂ ಯಾರಾದ್ರೂ ಹಂಚಬೋದು."

೩. ಹೋಟೆಲ್ ಆಟ

ಇದು ಅಡುಗೆ ಮಾಡಿ ಗಿರಾಕಿಗಳಿಗೆ ಬಡಿಸುವ ಆಟ. ಗಿರಾಕಿಗಳು ಒಳಗೆ ಬಂದು ಕೂರುವುದರೊಳಗೆ ಸಿಟ್ಟಾಗುತ್ತಾರೆ, ಸಿಟ್ಟಾದ ಕೂಡಲೇ ಎದ್ದು ಹೋಗುತ್ತಾರೆ. ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಕೈಕಟ್ಟಿಕೊಂಡು ಕಾಯುವ ಜನರನ್ನು ಈ ಆಟ ಮಾಡಿದವರು ನೋಡಿದಂತಿಲ್ಲ.

ಆ ದಿನ ಅತ್ತೆ ಬಂದಿದ್ದರು. ಪತ್ರಿಕೆಗಳು ಜಾಗ ಬಿಟ್ಟು ಕದಲಿವೆಯೇ ಎಂದು ನೋಡಲು ಬಂದಿದ್ದು. ಕದಲಿರಲಿಲ್ಲ. ಆದರೆ ಇಬ್ಬರು ಅಳಿಯಂದಿರೂ ಒಂದೇ ಸೋಫಾದ ಎರಡು ತುದಿಯಲ್ಲಿ ಕೂತದ್ದು ಕಂಡು ಅವರಿಗೆ ಸ್ವಲ್ಪ ಆಸೆ ಹುಟ್ಟಿತು. ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತರು. ತೊಂದರೆ ಆದದ್ದು ಅಲ್ಲೇ.

ಆಟದ ನಿಯಮದ ಪ್ರಕಾರ ಒಬ್ಬ ಅಡುಗೆ ಮಾಡಬೇಕು, ಇನ್ನೊಬ್ಬ ತಟ್ಟೆ ತೊಳೆಯಬೇಕು. ಅತ್ತೆಯ ಎದುರಿಗೆ ಅಳಿಯ ಮುಸುರೆ ತಿಕ್ಕುವುದು ನಮ್ಮಲ್ಲಿಲ್ಲ. ಗೊಂಬೆಯೇ ಆದರೂ ಅದು ಅಳಿಯನ ಗೊಂಬೆ. ನಾನು ಈರುಳ್ಳಿ ಹೆಚ್ಚಿದೆ. ಅವನೂ ಈರುಳ್ಳಿ ಹೆಚ್ಚಿದ. ಎಂಜಲು ತಟ್ಟೆ ರಾಶಿ ಬಿತ್ತು.

ಆ ಹೊತ್ತಿನಲ್ಲಿ ಮಾತು ಮುಟ್ಟಿಸುವ ಕೆಲಸ ನನ್ನ ನಾದಿನಿಯದು. ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಅವಳು ಕೇಳಿದಳು: "ಭಾವ, ತಟ್ಟೆ ತೊಳೆಯೋರು ಯಾರು ಅಂತ ಕೇಳ್ತಾವ್ರೆ."

"ನಾನು ದೊಡ್ಡಳಿಯ ಅಂತ ಹೇಳಮ್ಮ."

"ಚಿಕ್ಕಳಿಯಂಗೇನು ಮರ್ವಾದೆ ಇರಲ್ವಾ ಅಂತ ಕೇಳು," ಎಂದ ಅವಳ ಗಂಡ.

ಗಿರಾಕಿಗಳು ಎದ್ದು ಹೋದರು. ಒಲೆಯ ಮೇಲಿದ್ದದ್ದು ಹೊತ್ತಿಕೊಂಡಿತು. ಬೆಂಕಿ ಆರಿಸುವ ಗಡಿಬಿಡಿಯಲ್ಲಿ ನಾನು ಯಾವುದೋ ಗುಂಡಿ ಒತ್ತಿದೆ. ನನ್ನ ಗೊಂಬೆ ಸೀದಾ ತೊಟ್ಟಿಯ ಹತ್ತಿರ ಹೋಗಿ, ನಾನು ಎಷ್ಟು ಎಳೆದರೂ ಬಾರದೆ, ಒಂದೇ ಸಮನೆ ತಟ್ಟೆ ತೊಳೆಯತೊಡಗಿತು.

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. "ಅಯ್ಯೋ ಪಾಪ! ಎಲ್ರೂ ನೋಡ್ತಾ ಕುಂತವ್ರೆ, ಅದೊಂದೇ ಮುಸುರೆ ತಿಕ್ತಾ ನಿಂತೈತಲ್ಲ. ಯಾರ ಮನೆ ಅಳಿಯಪ್ಪ ಅದು?"

ನಾನು ಗುಂಡಿಗಳನ್ನು ಒತ್ತುತ್ತಲೇ ಇದ್ದೆ. ಷಡ್ಡಕ ಉತ್ತರಿಸಿದ. "ನಿಮ್ಮದೇ ಅತ್ತೆ. ದೊಡ್ಡದು."

ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಅತ್ತೆ ಬಸ್ಸು ಹತ್ತಿ ಹೋದರು. ಪತ್ರಿಕೆಗಳು ಅಲ್ಲೇ ಇದ್ದವು.

೪. ಹಗ್ಗದ ಆಟ

ಎರಡು ಗೊಂಬೆಗಳನ್ನು ಒಂದೇ ಹಗ್ಗಕ್ಕೆ ಕಟ್ಟಿರುತ್ತಾರೆ. ಎರಡೂ ಸೇರಿ ಕಡಿದಾದ ಬಂಡೆ ಹತ್ತಬೇಕು. ಒಬ್ಬ ಬಿಗಿಯಾಗಿ ಹಿಡಿದುಕೊಂಡರೆ ಇನ್ನೊಬ್ಬ ತೂಗಾಡಿ ಮೇಲಕ್ಕೆ ಹೋಗಬಹುದು. ನಮ್ಮ ಊರ ಸುತ್ತ ಇರುವುದೆಲ್ಲ ಬಂಡೆಯೇ. ಇನ್ನೊಂದನ್ನು ದುಡ್ಡು ಕೊಟ್ಟು ಮನೆಯೊಳಗೆ ತರುವ ಅಗತ್ಯ ಏನಿತ್ತೋ ತಿಳಿಯದು.

ಮಾತು ಮುಟ್ಟಿಸಲು ಆ ದಿನ ಬಾಮೈದನೇ ಬಂದಿದ್ದ. ಆಟ ಶುರುವಾಗುವ ಮೊದಲು ಇಬ್ಬರ ಎದುರಿಗೂ ನಿಂತು, "ಹೆಣ್ಣಿನ ಕಡೆಯೋರು ಊರೆಲ್ಲ ಕರೆದು ಮುಗ್ಸವ್ರೆ," ಎಂದ. "ಈ ಭಾನುವಾರ ನೀವು ಹೊರಡ್ದಿದ್ರೆ ಕನಕಪುರದ ಕಡೆ ಒಂದು ಮನೆಗೂ ಪತ್ರಿಕೆ ಮುಟ್ಟಕ್ಕಿಲ್ಲ. ಅವ್ವ ಚಪ್ಪರಾನೂ ಹಾಕ್ಸಕ್ಕಿಲ್ಲ. ನಾನು ಒಬ್ನೇ ಬಸ್ಸತ್ತಿ ಹೋಗಿ ಹಸೆಮಣೆ ಮೇಲೆ ಕೂರ್ಲಾ ಭಾವ?"

ಅದು ಆಗಬಾರದೆಂದು ನಾನು ಅವನಿಗೆ ಹೇಳಿದೆ. ಆಗಬಾರದೆಂದು ಷಡ್ಡಕನೂ ಅವನಿಗೇ ಹೇಳಿದ. ಆಟ ಶುರುವಾಯಿತು.

"ಹಿಡ್ಕೋಬೇಕಂತೆ ದೊಡ್ಡ ಭಾವ," ಎಂದು ಬಾಮೈದ ಹೇಳುವಷ್ಟರಲ್ಲಿ ಇಬ್ಬರೂ ಕೆಳಗೆ ಬಿದ್ದಿರುತ್ತಿದ್ದೆವು. "ಬಿಡ್ಬೇಕಂತೆ ಚಿಕ್ಕ ಭಾವ," ಎಂದು ಮುಗಿಸುವಷ್ಟರಲ್ಲಿ ಮತ್ತೆ ಬಿದ್ದಿರುತ್ತಿದ್ದೆವು. ಬಹಳ ಹೊತ್ತು ಬಿದ್ದ ಮೇಲೆ ಹೇಗೋ ಅರ್ಧ ಬಂಡೆ ಹತ್ತಿದೆವು. ಆಗ ಬಾಮೈದನ ಮೊಬೈಲ್ ಹೊಡೆದುಕೊಂಡಿತು. ಮದುವೆಯಾಗುವ ಹುಡುಗಿ. ಅವನು ಎರಡು ಪ್ರಾಣಗಳನ್ನು ಬಂಡೆಯ ಮೇಲೆ ಬಿಟ್ಟು ಅಂಗಳಕ್ಕೆ ಓಡಿದ.

ನನ್ನ ಗೊಂಬೆ ಬಂಡೆಯ ಸೀಳಿಗೆ ಕೈಹಾಕಿ ಹಿಡಿದಿತ್ತು. ಷಡ್ಡಕನ ಗೊಂಬೆ ಹಗ್ಗದ ತುದಿಯಲ್ಲಿ ನೇತಾಡುತ್ತಿತ್ತು. ನನ್ನ ಗೊಂಬೆಯ ಕೈ ಸೋಲುತ್ತಿದೆಯೆಂದು ಟೀವಿಯ ಮೂಲೆಯಲ್ಲಿ ಕೆಂಪು ಪಟ್ಟಿಯೊಂದು ತೋರಿಸುತ್ತಿತ್ತು. ಷಡ್ಡಕ ಫ್ಯಾನ್ ನೋಡಿದ. ಫ್ಯಾನಿಗೆ ಹೇಳಿ ಅದು ನನಗೆ ಮುಟ್ಟುವಷ್ಟು ಸಮಯವಿರಲಿಲ್ಲ.

"ಅಣ್ಣಾ! ಬುಡ್ಬೇಡ ಕಣಣ್ಣಾ!"

"ಬಿಡಲ್ಲ ಕಣೋ! ಎಡಕ್ಕೆ ತೂಗು, ಎಡಕ್ಕೆ! ನಿನ್ನ ಎಡ ಅಲ್ಲ, ನನ್ನ ಎಡ!"

"ಇಬ್ರೂ ಟೀವಿ ಕಡೀಕೇ ಕುಂತಿದ್ದೀವಲ್ಲಣ್ಣಾ, ಎಡ ಒಂದೇ ಅಲ್ವಾ!"

"ಹಂಗಾದ್ರೆ ಅದೇ ಎಡ! ಹತ್ತು!"

ಹತ್ತಿದ. ನನ್ನನ್ನೂ ಎಳೆದುಕೊಂಡ. ಬಂಡೆಯ ತುದಿಯಲ್ಲಿ ಗೊಂಬೆಗಳೆರಡೂ ತಾವಾಗಿಯೇ ತಬ್ಬಿಕೊಂಡವು. ಅದಕ್ಕೆ ನಾವು ಯಾವ ಗುಂಡಿಯನ್ನೂ ಒತ್ತಿರಲಿಲ್ಲ.

ಹೆಂಡತಿ ಸೌಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಿದ್ದಳು. ಅಂಗಳದಿಂದ ಬಾಮೈದ ಮೊಬೈಲಿಗೆ, "ಮಾತಾಡ್ಬುಟ್ರು ಕಣೇ, ಮಾತಾಡ್ಬುಟ್ರು!" ಅನ್ನುವುದು ಕೇಳಿಸಿತು.

ಷಡ್ಡಕ ರಿಮೋಟ್ ಕೆಳಗಿಟ್ಟು, ಯಾರ ಮುಖವನ್ನೂ ನೋಡದೆ ಮೇಲಕ್ಕೆ ಹೋಗಿಬಿಟ್ಟ.

"ಅದು ಗೊಂಬೆಗಳಿಗೆ ಸಂಬಂಧಪಟ್ಟ ಮಾತು," ಎಂದು ನಾನು ಹೆಂಡತಿಗೆ ವಿವರಿಸಿದೆ. ಒಳಗೆ ಬಂದ ಬಾಮೈದ ಪತ್ರಿಕೆಗಳ ಪಕ್ಕದಲ್ಲಿ ನೆಲದ ಮೇಲೆ ಕೂತ.

ಸ್ವಲ್ಪ ಹೊತ್ತಿಗೆ ತೆರೆದೇ ಇದ್ದ ಬಾಗಿಲನ್ನು ಯಾರೋ ತಟ್ಟಿದರು. ಷಡ್ಡಕ ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು ಹೊಸಿಲಾಚೆ ನಿಂತಿದ್ದ. ಪಕ್ಕದಲ್ಲಿ ನಾದಿನಿ ರೇಷ್ಮೆ ಸೀರೆ ಉಟ್ಟು, ಅರಿಶಿನ ಕುಂಕುಮದ ತಟ್ಟೆ ಹಿಡಿದಿದ್ದಳು. ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು. ಮಗುವಿಗೂ ಹೊಸ ಬಟ್ಟೆ.

"ಅಣ್ಣಾ," ಎಂದ ಷಡ್ಡಕ, ಗಂಟಲು ಸರಿಮಾಡಿಕೊಂಡು. "ನಮ್ ಮಗೀಗೆ ನಾಮಕರಣ ಇಟ್ಕೊಂಡಿದ್ದೊ, ಹೋದ ಶ್ರಾವಣದಲ್ಲಿ. ನೀವು ಸಂಸಾರ ಸಮೇತ ಬಂದು ಮಗೀಗೆ ಆಶೀರ್ವಾದ ಮಾಡ್ಬೇಕು."

ಹೆಂಡತಿ ಕುಂಕುಮ ಇಟ್ಟುಕೊಂಡಳು. ನಾನು ಎಲೆ ಅಡಿಕೆ ತೆಗೆದುಕೊಂಡೆ. ಕರೆದ ಕೂಡಲೇ ಒಪ್ಪಿಕೊಳ್ಳುವುದು ಹಿರಿಯರಿಗೆ ಶೋಭೆಯಲ್ಲ.

"ಆವತ್ತು ಒಸಿ ಕೆಲಸ ಇತ್ತು," ಎಂದೆ. "ಆದ್ರೂ ಬರೋಕೆ ನೋಡ್ತೀನಿ."

"ಹಂಗನ್ಬಾರ್ದು. ಊಟಕ್ಕೇ ಬಂದ್ಬುಡ್ಬೇಕು. ಹೋಳಿಗೆ ಮಾಡ್ಸಿದ್ದೊ."

"ಗೊತ್ತು," ಎಂದೆ. "ಚೆನ್ನಾಗಿತ್ತು."

ಭಾನುವಾರ ಇಬ್ಬರೂ ಅವನ ವ್ಯಾನಿನಲ್ಲಿ ಹೊರಟೆವು. ಮೊದಲು ಕನಕಪುರದ ಕಡೆ, ಆಮೇಲೆ ಮಾಗಡಿ, ಕೊನೆಗೆ ಚನ್ನಪಟ್ಟಣ. ಎಲ್ಲ ಮನೆಗಳಲ್ಲೂ ಒಳಗೆ ಹೋಗಿ, ಕೂತು, ಕಾಫಿ ಕುಡಿದು ಕರೆದೆವು. ದಾರಿಯುದ್ದಕ್ಕೂ ಅವನು ಹಾರ್ನ್ ಹೊಡೆದ. ಚಪ್ಪರ ಹಾಕಿದರು. ಮದುವೆ ಆಯಿತು. ಹೊಸ ಹೆಣ್ಣು ನಮ್ಮ ಮನೆಗೆ ಊಟಕ್ಕೆ ಬಂದವಳು ಟೀವಿ ಪಕ್ಕದ ಪೆಟ್ಟಿಗೆ ಯಾರದೆಂದು ಕೇಳಿದಳು. ನಾನು ಷಡ್ಡಕನದೆಂದೆ. ಅವನು ನನ್ನದೆಂದ. ಬಾಮೈದ ಇನ್ನೊಂದು ಹೋಳಿಗೆ ಹಾಕಿಸಿಕೊಂಡ. ಅವಳು ರಿಮೋಟ್ ತೆಗೆದುಕೊಂಡು ಕಾರು ರೇಸಿನಲ್ಲಿ ನಮ್ಮಿಬ್ಬರನ್ನೂ ಸೋಲಿಸಿದಳು.

ಪೆಟ್ಟಿಗೆ ಈಗ ಬಿಡದಿಯಲ್ಲಿದೆ.