ನೋಟ್ಸ್ ನಂದು, ಹೆಸರು ಊರ ಮಂದೀದು

ಬರಿಯಾಕಿ ನಾನು, ಹೆಸರು ಹಾಕ್ಕೊಳ್ಳೋರು ಮತ್ತೊಬ್ರು. ಇಂಥಾವು ನನ್ನ ಪಾಲಿಗೆ ವರ್ಷಕ್ಕ ಎರಡು ಮೂರಾದ್ರೂ ಆಗ್ತಾವ. ಮೊದಮೊದಲು ಅಳ್ತಿದ್ದೆ, ಈಗ ನಗಾಕ ಹತ್ತೀನಿ. ಕುಷ್ಟಗಿ ತಾಲೂಕಿನ ಒಂದು ಸರಕಾರಿ ಹೈಸ್ಕೂಲಿನಾಗ ಹತ್ತನೇತ್ತಾದ ಹುಡುಗರಿಗೆ ವಿಜ್ಞಾನ ಕಲಿಸ್ತೀನಿ. ಎರಡು ಬ್ಯಾಸಗಿ ಸೂಟಿ ಮನ್ಯಾಗ ಕುಂತು ನೋಟ್ಸ್ ಮಾಡೀನಿ. ಯಾರರ ಓದ್ಲಿ, ಯಾರರ ಹಂಚ್ಲಿ, ಮೊದಲನೇ ಹಾಳ್ಯಾಗ ನನ್ನ ಹೆಸರೊಂದು ಉಳೀಬೇಕು. ನನ್ನ ಆಸೆ ಅಷ್ಟ.

ಖಾಲಿ ಜಾಗ

ಒಂದಿನ ಸಂಜೀಮುಂದ ವಿಜ್ಞಾನ ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಹಾಕಿದೆ. ಮರುದಿನ ಮುಂಜಾನಿ ಅದ ಪಿಡಿಎಫ್ ಅದ ಗ್ರೂಪಿಗೆ ತಿರುಗಿ ಬಂತು. ನನ್ನ ಹೆಸರು ಮಾಯ. ಕಾರಟಗಿ ಕಡೆ ಒಬ್ಬ ಸರ್ ಹೆಸರು ದಪ್ಪ ಅಕ್ಷರದಾಗ ಕುಂತೈತಿ. ಕೆಳಗ ಮಂದಿ ಸಾಲುಸಾಲು ಕೈ ಮುಗದಾರ, ಅವರೊಳಗ ನಮ್ಮ ಹೆಡ್‌ಮಾಸ್ತರೂ ಒಬ್ರು! ನೆತ್ತಿ ಕಾದುಹೋತು. ಆ ಸರ್‌ಗೆ ಫೋನ್ ಹಚ್ಚಿದೆ.

"ಸರ್, ಅದು ನನ್ನ ನೋಟ್ಸ್ ಅಲ್ರೇನ್ರಿ?"

"ಹೌದ್ರಿ ಮೇಡಂ, ನಿಮ್ದ. ಭಾಳ ಛಲೋ ಮಾಡೀರಿ."

"ಮತ್ತ ನನ್ನ ಹೆಸರು ಯಾಕ ತಗದ್ರಿ?"

"ನಮ್ಮ ಸಾಲಿ ಹುಡುಗರಿಗೆ ನೀವು ಗೊತ್ತಿಲ್ಲಲ್ರಿ, ಅದಕ್ಕ ತಗದೆ. ತಗದಮ್ಯಾಲೆ ಜಾಗ ಖಾಲಿ ಖಾಲಿ ಕಾಣಾಕ ಹತ್ತಿತ್ತು ನೋಡ್ರಿ, ಚಂದ ಕಾಣಲಿಲ್ಲ. ನಂದು ಹಾಕಿದೆ."

ಗುಟ್ಟು

ಇನ್ನ ಬಿಡಬಾರದು ಅಂತ ಮುಂದಿನ ಪಾಠದ ನೋಟ್ಸಿಗೆ ಪಾಸ್‌ವರ್ಡ್ ಬೀಗ ಜಡದೆ. ಬೇಕಾದವರು ನನಗ ಫೋನ್ ಮಾಡ್ಲಿ, ಯಾರದು ಅನ್ನೋದರ ಗೊತ್ತಾಗಲಿ ಅಂತ. ಯಲಬುರ್ಗಾದಿಂದ ಒಬ್ರು ಮೇಡಂ ಮಾಡಿದ್ರು.

"ಅಕ್ಕಾರ, ನಾಳೆ ಪಾಠ ಐತ್ರಿ, ಪಾಸ್‌ವರ್ಡ್ ಹೇಳ್ರಿ. ನಿಮ್ಮಾಣಿ, ಯಾರಿಗೂ ಹೇಳಂಗಿಲ್ಲ."

ಪಾಪ ಅನಿಸ್ತು, ಹೇಳಿದೆ. ಹತ್ತು ನಿಮಿಷ ಆಗಿಲ್ಲ, ಗ್ರೂಪಿನಾಗ ಆ ಮೇಡಂ ಪಾಸ್‌ವರ್ಡ್ ಬರದು, ಕೆಳಗ ಒಂದು ಸೂಚನಾ ಹಾಕಿದ್ರು: "ಪಾಪ, ಅಕ್ಕಾರು ಗುಟ್ಟಾಗಿ ಹೇಳ್ಯಾರ. ಎಲ್ಲಾರೂ ದಯವಿಟ್ಟು ಗುಟ್ಟಾಗೇ ಇಟಗೋರಿ."

ಪೆನ್‌ಡ್ರೈವ್

ಆಮ್ಯಾಲೆ ಗಂಗಾವತಿಯೊಳಗ ನಮಗೊಂದು ತರಬೇತಿ ಆತು. ಹೇಳಾಕ ಬಂದಿದ್ದ ಸರ್ ಸ್ಲೈಡ್ ತೋರಿಸ್ಕೋತ ಹೇಳಿದ್ರು: "ಜ್ಞಾನಕ್ಕ ಬೀಗ ಹಾಕಬ್ಯಾಡ್ರಿ. ಮುಕ್ತ ಪರವಾನಗಿ ಅಂತ ಬರದು ಹಂಚಿಬಿಡ್ರಿ. ಯಾರ ಬೇಕಾದ್ರೂ ತಗೊಳ್ಳಿ, ತಿದ್ದಲಿ, ಮತ್ತೊಬ್ಬರಿಗೆ ಕೊಡಲಿ. ಮಾಡಿದವರ ಹೆಸರು ಮಾತ್ರ ಹೇಳಬೇಕು."

ನನ್ನ ಮನಸಿನ್ಯಾಗಿಂದ ಕದ್ದು ಹೇಳಿದಂಗಿತ್ತು. ಖುಷಿಲೆ ಎದ್ದು ನಿಂತು ಕೇಳಿದೆ: "ಸರ್, ಈ ಸ್ಲೈಡ್ ನಮಗೂ ಕೊಡ್ರಿ. ನಿಮ್ಮ ಹೆಸರು ಹಾಕೇ ಹಂಚತೀವಿ."

ಅವರು ಲಗೂನ ಪೆನ್‌ಡ್ರೈವ್ ಕಿತ್ತು ಕಿಸೇದಾಗ ಇಟಗೊಂಡ್ರು. "ನನ್ನ ಹೆಸರು ಮಾತ್ರ ಹಾಕಬ್ಯಾಡ್ರಿ ಮೇಡಂ. ಇದು ಯಾರದೋ ನನಗೂ ಗೊತ್ತಿಲ್ಲ."

ಹೆಬ್ಬೆರಳು

ಹೇಳಿದವರು ಹೆಂಗರ ಇರ್ಲಿ, ಮಾತು ಖರೇನ ಇತ್ತು. ಬೀಗ ತಗದು, ಮುಕ್ತ ಪರವಾನಗಿ ಅಂತ ಬರದು, ನೋಟ್ಸ್ ಎಲ್ಲಾ ಹಂಚಿದೆ. ಅಷ್ಟರಾಗ ಕೊಪ್ಪಳದ ಶಿಕ್ಷಣ ಇಲಾಖೆ ಆಫೀಸಿನಿಂದ ಸುದ್ದಿ ಬಂತು: ಒಂದು ಛಲೋ ನೋಟ್ಸ್ ಆರಿಸಿ, ಮಾಡಿದವರ ಹೆಸರು ಹಾಕಿ ಜಿಲ್ಲಾದ ಎಲ್ಲಾ ಸಾಲಿಗೆ ಕಳಿಸ್ತಾರಂತ. ಕುಣಕೋತ ನಂದೂ ಕಳಿಸಿದೆ.

ಕರಸಿದ್ರು. ಹೋದ್ರ ಅಲ್ಲಿ ಹನುಮಸಾಗರ ಕಡೆ ಒಬ್ಬ ಸರ್ ಮೊದಲ ಬಂದು ಕುಂತಾರ. ಸಾಹೇಬ್ರ ಟೇಬಲ್ ಮ್ಯಾಲೆ ಎರಡು ಪ್ರಿಂಟ್.

"ಇಬ್ಬರದೂ ಅಕ್ಷರಕ್ಕಕ್ಷರ ಒಂದ ಐತಿ," ಅಂದ್ರು ಸಾಹೇಬ್ರು. "ಸರ್ ಅವರದು ಮೊದಲ ಬಂದೈತಿ. ಅಂದಮ್ಯಾಲೆ ಕಾಪಿ ಹೊಡದಾಕಿ ನೀವ ಆದ್ರಿ ಮೇಡಂ."

ಎರಡು ಸೂಟಿ ಕುಂತು ಮಾಡಿದಾಕಿ ಈಗ ನಾನ ಕಳ್ಳಿ!

"ಸಾಹೇಬ್ರ, ಚಿತ್ರ ನನ್ನ ಕೈಲೆ ಬರದದ್ದು."

"ಮೂಲ ಹಾಳಿ ತೋರಸ್ರಿ ಹಂಗಾರ."

"ನಮ್ಮತ್ತಿ ಅದನ್ನ ರೊಟ್ಟಿ ಡಬ್ಬಿಗೆ ಹಾಸ್ಯಾರ್ರಿ."

ಏನರ ಸಿಗತೈತೇನೋ ಅಂತ ನನ್ನ ಪ್ರಿಂಟ್ ತಿರುವಿದೆ. ಜೀರ್ಣಾಂಗದ ಚಿತ್ರ ಬಂತು. ಎಡಗಡೆ ಕೆಳಗ, ಕರುಳಿಗೆ ಹತ್ತಿಕೊಂಡು, ನನ್ನ ಹೆಬ್ಬೆರಳು! ಫೋಟೋ ಹೊಡಿಯುವಾಗ ಹಾಳಿ ಹಾರದಂಗ ಒತ್ತಿ ಹಿಡದಿದ್ನಲ್ಲ, ಅದೂ ಬಂದುಬಿಟ್ಟಿತ್ತು. ಸಣ್ಣಾಕಿದ್ದಾಗ ಬಾಗಲಾಗ ಸಿಕ್ಕು ಸೀಳಿ, ಹಂಗ ಉಳದ ಉಗುರು. ಸರ್ ಅವರ ಪ್ರಿಂಟಿನಾಗೂ ಅದ ಬೆರಳು, ಅದ ಸೀಳು. ಎರಡರ ನಡುವ ನನ್ನ ಎಡಗೈ ಹೆಬ್ಬೆರಳು ಊರಿದೆ.

"ನೋಡ್ರಿ ಸಾಹೇಬ್ರ. ಹೆಸರು ತಗದಾರ, ಬೆರಳು ತಗದಿಲ್ಲ."

ಸಾಹೇಬ್ರು ಚಾಳೀಸು ಏರಿಸಿ ಮೂರನ್ನೂ ನೋಡಿದ್ರು. ನೋಡಿ ನನ್ನ ಪ್ರಿಂಟಿನ ಮ್ಯಾಲೆ ಸಹಿ ಹಾಕಿದ್ರು. ಗೆದ್ದೆ ಅಂತ ಸರ್ ಮಾರಿ ನೋಡಿದ್ರ, ಅವರಿಗೆ ನಾಚಿಕಿಗಿಂತ ಗಾಬರಿನ ಜಾಸ್ತಿ ಆಗಿತ್ತು.

"ಮೇಡಂ, ಖರೇನ ಅದು ನಿಮ್ಮ ಬೆರಳೇನ್ರಿ?"

"ಹೌದ್ರಿ. ಮತ್ತೇನು ಅನ್ಕೊಂಡಿದ್ರಿ?"

"ಅಯ್ಯ ಶಿವನ! ನಾ ಅದನ್ನ ಅಪೆಂಡಿಕ್ಸ್ ಅಂತ ಕಲಿಸೀನ್ರಿ. ಪರೀಕ್ಷಾದಾಗ ಉಗುರು ಬಿಟ್ಟು ಚಿತ್ರ ಬರದ ಹುಡುಗರಿಗೆ ಅರ್ಧ ಮಾರ್ಕ್ಸ್ ಕಟ್ ಮಾಡೀನಿ!"