ಅಲ್ವಾ ಬಾರ್ಟ್ಲೆಟ್ ಕಂಡುಹಿಡಿದ ಹಂದಿ ಕಾನೂನು

ನೆರೆಮನೆಯ ಸ್ಟೆಬಿನ್ಸನ ಮೂರು ಹಂದಿಗಳು ಶನಿವಾರ ಬೆಳಿಗ್ಗೆ ಬೇಲಿ ನುಗ್ಗಿ ಬಂದು ಕೋರಾಳ ಬಟಾಣಿ ಪಾತಿಯನ್ನು ಉತ್ತು ಹಾಕಿದವು. ಈ ವಸಂತದಲ್ಲಿ ಇದೇನು ಮೊದಲ ಸಲವಲ್ಲ. ಕೋರಾ ಕೂಗಾಡಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಸೂಟ್‌ಕೇಸ್ ತೆರೆದಿಟ್ಟು ಬಟ್ಟೆ ಮಡಚತೊಡಗಿದಳು.

"ಸಂಜೆಯೊಳಗೆ ಆ ಹಂದಿಗಳಿಗೆ ಒಂದು ಗತಿ ಕಾಣ್ಸು. ಇಲ್ಲಾಂದ್ರೆ ನಾನು ಅಕ್ಕನ ಮನೆಗೆ ಹೊರಟೆ."

ಅವಳ ಗಂಡ ಅಲ್ವಾ ಬಾರ್ಟ್ಲೆಟ್ ತಕ್ಷಣ ಟೋಪಿಗೆ ಕೈ ಹಾಕಿದ. ಮೊದಲ ಹೆಂಡತಿ ತೀರಿಕೊಂಡ ಮೇಲೆ ವರ್ಷಗಟ್ಟಲೆ ಒಬ್ಬನೇ ಕೂತು ಡಬ್ಬಿಯ ಸೂಪ್ ಕುಡಿದವನು ಅವನು. ಅರವತ್ತೆರಡನೆಯ ವಯಸ್ಸಿನಲ್ಲಿ, ಹೋದ ಶರತ್ಕಾಲದಲ್ಲಿ, ಕೋರಾ ಅವನ ಕೈ ಹಿಡಿದಿದ್ದಳು. ಮತ್ತೆ ಆ ಡಬ್ಬಿಗಳ ಮುಖ ನೋಡಲು ಅವನು ಸುತಾರಾಂ ಸಿದ್ಧನಿರಲಿಲ್ಲ.

ನೇರ ಸ್ಟೆಬಿನ್ಸನ ಮನೆಗೆ ಹೋದ. ಸ್ಟೆಬಿನ್ಸ್ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ.

"ಹಂದಿ ಅಡ್ಡಾಡಬಾರ್ದು ಅಂತ ಈ ಊರಲ್ಲಿ ಯಾವ ಕಾನೂನಿದೆ? ತೋರ್ಸು, ಕಟ್ಟಿ ಹಾಕ್ತೀನಿ."

"ತೋರಿಸ್ತೀನಿ. ಇವತ್ತೇ ತೋರಿಸ್ತೀನಿ," ಎಂದ ಅಲ್ವಾ.

ಅವತ್ತು ಮಧ್ಯಾಹ್ನ ಊರಸಭೆಯಿತ್ತು. ಮ್ಯಾಸಚೂಸೆಟ್ಸಿನ ನಮ್ಮಂಥ ಸಣ್ಣ ಊರುಗಳಲ್ಲಿ ರಸ್ತೆ, ಶಾಲೆ, ಸ್ಮಶಾನ ಎಲ್ಲವೂ ತೀರ್ಮಾನವಾಗುವುದು ವರ್ಷಕ್ಕೊಮ್ಮೆ ಸೇರುವ ಆ ಸಭೆಯಲ್ಲೇ, ಎಲ್ಲರೂ ಕೈ ಎತ್ತಿ. ಅಲ್ಲಿ ಒಮ್ಮೆ ಆದ ನಿರ್ಣಯವನ್ನು ರದ್ದು ಮಾಡದಿದ್ದರೆ ಅದಕ್ಕೆ ಸಾವಿಲ್ಲ ಎಂಬುದು ನಮ್ಮ ನಂಬಿಕೆ. ಹಳೆಯ ನಡಾವಳಿಗಳೆಲ್ಲ ಊರಿನ ಗುಮಾಸ್ತೆ ಮರ್ಟಲ್‌ಳ ಉಕ್ಕಿನ ಕೋಣೆಯಲ್ಲಿವೆ. ಅಲ್ವಾ ಅಲ್ಲಿಗೇ ಹೋದ.

"ಕೈ ತೊಳ್ಕೊಂಡು ಬಾ. ಪೆನ್ನು ಆಚೆ ಇಡು. ಸೀನು ಬಂದ್ರೆ ಹೊರಗೆ ಹೋಗಿ ಸೀನು," ಎಂದಳು ಮರ್ಟಲ್.

ಇನ್ನೂರು ವರ್ಷದ ಹಿಂದಿನ ಕೈಬರಹ ಇರುವೆ ಸಾಲಿನಂತಿತ್ತು. ಅಲ್ವಾ ಭೂತಗನ್ನಡಿ ಹಿಡಿದು ಪಟ್ಟಾಗಿ ಕೂತ. ಸುದ್ದಿ ಹೇಗೆ ಹಬ್ಬಿತೋ, ಅರ್ಧ ಗಂಟೆಯಲ್ಲಿ ಊರಿನ ಇತಿಹಾಸ ಸಂಘದ ಕುಶ್ಮನ್ ಮತ್ತು ಹೆಪ್ಸಿ ವೇಟ್ ಬಂದು ಅವನ ಎರಡೂ ಹೆಗಲ ಮೇಲೆ ಬಗ್ಗಿದರು.

"ಹಂದಿ ಬಿಡು ಮಾರಾಯ, ಇಲ್ನೋಡು," ಎಂದ ಕುಶ್ಮನ್. "ರಾಜ್ಯದ ಸಂವಿಧಾನ ಒಪ್ಪಬೇಕೋ ಬೇಡವೋ ಅಂತ ನಮ್ಮೂರಲ್ಲಿ ಚರ್ಚೆ ಆದದ್ದು. ಬೇಡ ಅಂತ ಮೊದಲು ಕೈ ಎತ್ತಿದ್ದು ನಮ್ಮ ಮುತ್ತಾತನ ತಾತ."

"ನಿಮ್ಮ ಮುತ್ತಾತನ ತಾತ ಎತ್ತಿದ್ದು ಲೋಟ," ಎಂದಳು ಹೆಪ್ಸಿ. "ಕೈ ಎತ್ತಿದ್ದು ನಮ್ಮೋರು."

ಇಬ್ಬರೂ ಒಂದೇ ಪುಟದ ಎರಡು ತುದಿ ಹಿಡಿದರು. ಮರ್ಟಲ್ ಬಂದು ಮೂವರನ್ನೂ ಹೊರಗೆ ಹಾಕಿ ಬಾಗಿಲು ಎಳೆದಳು. ತಪ್ಪು ಮಾಡದ ಅಲ್ವಾ ಅಂಗಲಾಚಿ, ಮತ್ತೆ ಕೈ ತೊಳೆದು, ಒಳಗೆ ಹೋಗಬೇಕಾಯಿತು. ಊಟವೂ ಇಲ್ಲ, ಕಾಫಿಯೂ ಇಲ್ಲ, ಕಣ್ಣಲ್ಲಿ ನೀರು. ಆದರೂ ಅವನು ಏಳಲಿಲ್ಲ.

ಕೊನೆಗೆ ಸಿಕ್ಕಿತು. ಸಂವಿಧಾನದ ಮಾತು ನಾಲ್ಕೇ ಸಾಲು, ಹಂದಿಯ ಜಗಳ ಪುಟಗಟ್ಟಲೆ. ಮೊದಲ ಸಾಲು ಓದಿದ್ದೇ ಅಲ್ವಾನ ಹಸಿವೆಲ್ಲ ಹಾರಿಹೋಯಿತು. ಅಷ್ಟರಲ್ಲಿ ಸಭೆಯ ಗಂಟೆ ಹೊಡೆಯಿತು. ಅವನು ಆ ಸಾಲನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಓಡಿದ.

ಸಭೆಯ ಮೊದಲ ವಿಷಯವೇ ಊರಿನ ಸಣ್ಣಪುಟ್ಟ ಅಧಿಕಾರಿಗಳನ್ನು ಆರಿಸುವುದು. ಅಲ್ವಾ ಎದ್ದು ನಿಂತು, ಒಂದಕ್ಷರವನ್ನೂ ನುಂಗದೆ ಓದಿದ: "ಈ ಊರಿನಲ್ಲಿ ಹಂದಿಗಳು ಬಿಡುಬೀಸಾಗಿ ತಿರುಗಕೂಡದು. ಅವನ್ನು ಹಿಡಿಯಲು ಪ್ರತಿ ವರ್ಷ ಒಬ್ಬ ಹಂದಿ ಅಧಿಕಾರಿಯನ್ನು ಆರಿಸತಕ್ಕದ್ದು."

ಸ್ಟೆಬಿನ್ಸನ ಮುಖ ಬಾಡಿತು. ಹಿಂದಿನ ಸಾಲಿನಿಂದ ಕೋರಾ ಗಂಡನನ್ನು ನೋಡಿ ನಕ್ಕಳು. ಅಲ್ವಾನಿಗೆ ಹತ್ತು ವರ್ಷ ಇಳಿದಂತಾಯಿತು.

"ಕಾನೂನು ಕಾನೂನೇ," ಎಂದ ಸಭಾಧ್ಯಕ್ಷ. "ಮರ್ಟಲ್, ಇದು ರದ್ದಾಗಿದೆಯಾ?"

"ಇಲ್ಲ," ಎಂದಳು ಮರ್ಟಲ್, ದಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಹೊತ್ತು ತಂದು. "ಆದ್ರೆ ಓದಿದ್ರೆ ಪೂರ್ತಿ ಓದ್ಬೇಕು. ಮುಂದಿನ ಪುಟ ಕೇಳಿ. ಆ ವರ್ಷ ಊರಲ್ಲಿ ಎಲ್ಲರಿಗಿಂತ ಈಚೆಗೆ ಮದುವೆಯಾದ ಗಂಡಸೇ ಹಂದಿ ಅಧಿಕಾರಿ. ಒಲ್ಲೆ ಅನ್ನುವಂತಿಲ್ಲ. ಹಿಡಿದ ಹಂದಿಗಳನ್ನು ಮಾಲೀಕ ಬರುವ ತನಕ ತನ್ನ ಹಿತ್ತಲಲ್ಲೇ ಇಟ್ಟು ಸಾಕಬೇಕು."

ಸಭೆ ಒಂದು ಕ್ಷಣ ಲೆಕ್ಕ ಹಾಕಿತು. ನಮ್ಮದು ಮುದುಕರ ಊರು. ಈಚೆಗೆ ಮದುವೆ ಅಂತ ಆದದ್ದು ಒಂದೇ. ಎಲ್ಲ ತಲೆಗಳೂ ಅಲ್ವಾನ ಕಡೆ ತಿರುಗಿದವು.

"ಒಪ್ಪುವವರು?" ಎಂದ ಅಧ್ಯಕ್ಷ.

ಸಂವಿಧಾನದ ವಿಷಯದಲ್ಲೂ ನಮ್ಮೂರು ಇಷ್ಟು ಒಗ್ಗಟ್ಟು ತೋರಿಸಿರಲಿಲ್ಲ. ಕುಶ್ಮನ್ ಮತ್ತು ಹೆಪ್ಸಿ ಒಟ್ಟಿಗೇ ಕೈ ಎತ್ತಿದರು. ಸ್ಟೆಬಿನ್ಸ್ ಎರಡೂ ಕೈ ಎತ್ತಿದ.

"ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ್ನಲ್ಲಪ್ಪ," ಎಂದು ಗೊಣಗುತ್ತ ಅಲ್ವಾ ಹೊರಬಂದ. ಮೆಟ್ಟಿಲ ಮೇಲೆ ಸ್ಟೆಬಿನ್ಸ್ ಅವನ ಬೆನ್ನು ತಟ್ಟಿದ.

"ನನ್ನ ಹಂದಿ ಸಂಜೆ ಹೊತ್ತಿಗೆ ಮತ್ತೆ ಅಡ್ಡಾಡೋಕೆ ಹೊರಡ್ತವೆ, ಸಾಹೇಬ್ರೆ. ಹಿಡ್ಕೊಳ್ಳಿ. ಬಿಡಿಸ್ಕೊಳ್ಳೋಕೆ ನನಗೇನೂ ಅವಸರ ಇಲ್ಲ. ಮೇವಿನ ಖರ್ಚು ಉಳೀತು."

ಕೋರಾ ಆಗಲೇ ಕಾರಿನಲ್ಲಿ ಕೂತಿದ್ದಳು. ಹಿಂದಿನ ಸೀಟಿನಲ್ಲಿ ಸೂಟ್‌ಕೇಸ್ ಇತ್ತು. ಅಲ್ವಾ ಕಿಟಕಿಯ ಬಳಿ ಹೋಗಿ ನಿಂತ.

"ಕೋರಾ, ನೀನೂ ಕೈ ಎತ್ತಿದ್ಯಾ?"

"ಎತ್ದೆ. ಎಷ್ಟು ಕಷ್ಟಪಟ್ಟು ಓದಿದ್ದೀಯ, ನಿನಗೊಂದು ಪದವಿ ಸಿಗಲಿ ಅನ್ನಿಸ್ತು," ಎಂದು ಅವಳು ಅವನ ಕೆನ್ನೆ ಸವರಿ ಕಾರು ಶುರು ಮಾಡಿದಳು. "ನಿಜವಾಗ್ಲೂ ಹೆಮ್ಮೆ ಆಯ್ತು ಕಣೋ. ವರ್ಷ ಮುಗಿದು ಕೆಲಸದಿಂದ ಇಳಿದ ಮೇಲೆ ಅಕ್ಕನ ಮನೆಗೆ ಫೋನ್ ಮಾಡು."